ಲೆಕ್ಕಕ್ಕಿಲ್ಲದ ಮ್ಯಾಚು

ಮೂಡಬಿದ್ರೆ
14-7-1981

ತೀರ್ಥರೂಪ ಸಮಾನರಾದ ರಮಾನಾಥ ಮಾವನವರಿಗೆ ನಿತ್ಯಾನಂದನ ನಮಸ್ಕಾರಗಳು.

ನಾನು ಹಾಸ್ಟೆಲಿನಲ್ಲಿ ಸೌಖ್ಯ. ಡಿಗ್ರಿಯ ಕೊನೆಯ ವರ್ಷವಾದ್ದರಿಂದ ಓದುವುದು ಬಹಳ ಉಂಟು. ಮಳೆ ಬಿಡುವುದೇ ಇಲ್ಲ, ಪುಸ್ತಕಕ್ಕೂ ಹಾಸಿಗೆಗೂ ಬೂಷ್ಟು ಹಿಡಿದಿದೆ.

ಮಾವ, ಒಂದು ವಿಷಯ. ಆಗಸ್ಟ್ ಒಂಬತ್ತು ಆದಿತ್ಯವಾರ ಮಧ್ಯಾಹ್ನದ ಮೇಲೆ ನಮ್ಮ ಕಾಲೇಜು ಮೈದಾನದಲ್ಲಿ ಫುಟ್‌ಬಾಲ್ ಟ್ರಯಲ್ ಮ್ಯಾಚು ಉಂಟು. ಹೊರಗಿನ ಕಾಲೇಜಿನವರು ಬರುವುದಿಲ್ಲ. ನಮ್ಮ ಟೀಮನ್ನೇ ಎರಡು ಭಾಗ ಮಾಡಿ ಆಡಿಸುತ್ತಾರೆ. ಮಂಗಳೂರಿನ ಪಂದ್ಯಗಳಿಗೆ ಮೊದಲು ಪ್ರತಿ ವರ್ಷ ಹೀಗೆ ಮಾಡುವ ಕ್ರಮ. ಯಾರು ಬೇಕಾದರೂ ಬಂದು ನೋಡಬಹುದು. ಮೈದಾನದ ಬದಿಯಲ್ಲಿ ಕಲ್ಲಿನ ಮೆಟ್ಟಿಲುಗಳು ಉಂಟು, ಎಲ್ಲಕ್ಕಿಂತ ಮೇಲೆ ಕೂತರೆ ಆಟ ಪೂರ್ತಿ ಕಾಣುತ್ತದೆ. ನೀವು ಬಂದರೆ ನನಗೆ ತುಂಬಾ ಸಂತೋಷವಾಗುತ್ತದೆ. ಖಂಡಿತ ಬನ್ನಿ.

ಇಂತಿ ನಿಮ್ಮ ಅಳಿಯ
ನಿತ್ಯಾನಂದ


ಕಲ್ಲಡ್ಕ
20-7-1981

ಚಿ| ನಿತ್ಯಾನಂದನಿಗೆ ಮಾವನ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷವಾಯಿತು, ಎರಡನೇ ಸಲ ಸಂಶಯವಾಯಿತು. ನೀನು ಕಾಲೇಜಿಗೆ ಸೇರಿದಂದಿನಿಂದ ನನಗೆ ಬರೆದ ಕಾಗದಗಳಲ್ಲಿ ಕೊಡೆ ಕಳೆದುಹೋದ ವಿಷಯ ಬಂದಿದೆ, ಟೈಫಾಯ್ಡು ಬಿಟ್ಟ ವಿಷಯ ಬಂದಿದೆ. "ತುಂಬಾ ಸಂತೋಷವಾಗುತ್ತದೆ" ಎನ್ನುವ ಮಾತು ಒಮ್ಮೆಯೂ ಬಂದದ್ದಿಲ್ಲ.

ಫುಟ್‌ಬಾಲಿನ ವಿಷಯ ನನಗೆ ಹೇಳಿಕೊಡಬೇಡ ಮಾರಾಯ. ಮಂಗಳೂರಿನಲ್ಲಿ ಫೈನಲ್ ಎಂದರೆ ಹೋಟೆಲಿಗೆ ಬೀಗ ಹಾಕಿ ಹೋಗುವವನು ನಾನು. ಆದರೆ ಇದು ಎಂಥ ಮ್ಯಾಚು? ಗೆದ್ದರೂ ನಿಮ್ಮವರು, ಸೋತರೂ ನಿಮ್ಮವರು. ಬೊಬ್ಬೆ ಹೊಡೆಯುವುದು ಯಾರಿಗೆ, ಬೈಯುವುದು ಯಾರಿಗೆ? ನಾಳೆ ಒಟ್ಟಿಗೆ ಆಡಬೇಕಾದವರು ಇವತ್ತು ಒಬ್ಬರ ಮೇಲೆ ಒಬ್ಬರು ಬಿದ್ದು ಆಡುತ್ತಾರಾ? ನಿಮ್ಮ ಮಾಸ್ಟ್ರು ತಮ್ಮ ಉಪಾಯಗಳನ್ನೆಲ್ಲ ಊರವರ ಎದುರು ಬಿಚ್ಚಿ ತೋರಿಸುತ್ತಾರಾ? ಬೇರೆ ಕಾಲೇಜಿನವರು ಮೆಲ್ಲ ಬಂದು ಮೆಟ್ಟಿಲಲ್ಲಿ ಕೂತು ನೋಡಿಕೊಂಡು ಹೋದರೆ? ಬೆಳಿಗ್ಗೆ ಕಾವಲಿ ಕಾದಿದೆಯಾ ಎಂದು ನೋಡಲಿಕ್ಕೆ ನಾವು ಮೊದಲು ಒಂದು ದೋಸೆ ಹೊಯ್ಯುತ್ತೇವಲ್ಲ, ಅದು ಇದು. ಅದನ್ನು ಯಾರಾದರೂ ಗಿರಾಕಿಗೆ ಕೊಡುತ್ತಾರಾ?

ಮಂಗಳೂರಿನಲ್ಲಿ ನೀನು ಆಡುವಾಗ ಬರುತ್ತೇನೆ. ಲೆಕ್ಕಕ್ಕೆ ಸಿಗುವ ಮ್ಯಾಚು ಅದು. ರಮಾನಾಥ ಶೆಟ್ಟಿಯ ಅಳಿಯ ಮುಂದಿನ ಸಾಲಿನಲ್ಲಿ ಆಡುವವನು ಎಂದು ಕಲ್ಲಡ್ಕದಲ್ಲಿ ಎಲ್ಲರಿಗೂ ಹೇಳಿ ಆಗಿದೆ.

ನಿಜ ಹೇಳು. ಆ ದಿನ ನನ್ನನ್ನು ಅಲ್ಲಿಗೆ ಕರೆಸುವುದು ಯಾಕೆ?

ಇಂತಿ
ನಿನ್ನ ಮಾವ ರಮಾನಾಥ


ಕಲ್ಲಡ್ಕ
22-7-1981

ಚಿ|ಸೌ| ಸರಸಳಿಗೆ ಅಣ್ಣನ ಆಶೀರ್ವಾದ.

ಅಳದಂಗಡಿಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮಗ ನನಗೊಂದು ಕಾಗದ ಬರೆದಿದ್ದಾನೆ. ಅವರವರೇ ಆಡುವ ಒಂದು ಮ್ಯಾಚಿಗೆ ನಾನು ಮೂಡಬಿದ್ರೆಗೆ ಹೋಗಬೇಕಂತೆ. ಇದರ ಹಿಂದೆ ಏನೋ ಉಂಟು, ನಿನಗೆ ಗೊತ್ತಿದ್ದರೆ ಹೇಳಿಬಿಡು.

ಆಟದ ಮಾಸ್ಟ್ರು ಬಾಲಸುಬ್ರಹ್ಮಣ್ಯ ಎನ್ನುವವರು ಕಲಿಸಿಕೊಟ್ಟದ್ದು ಎಂದು ಮೊದಲು ಗ್ರಹಿಸಿದೆ. ಹೋಟೆಲಿನ ಮಾವ ಬಂದರೆ ಮಕ್ಕಳಿಗೆಲ್ಲ ಗೋಳಿಬಜೆ, ಚಾ ಆಗುತ್ತದಲ್ಲ. ಆಮೇಲೆ ತಾರೀಕು ನೋಡಿದೆ. ಒಂಬತ್ತಕ್ಕೆ ಆಟಿ ತಿಂಗಳು ಮುಗಿದಿರುವುದಿಲ್ಲ. ಆಟಿಯಲ್ಲಿ ಹುಡುಗಿ ನೋಡುವ ಕ್ರಮ ಇಲ್ಲ ಎಂದು, ಫುಟ್‌ಬಾಲಿನ ನೆವನ ಮಾಡಿ ಯಾವಳನ್ನೋ ಮೆಟ್ಟಿಲಲ್ಲಿ ಕೂರಿಸಿ ನನಗೆ ತೋರಿಸುವ ಉಪಾಯವಾ? ಅಥವಾ ಬೊಂಬಾಯಿಯಿಂದ ಭಾವ ಏನಾದರೂ ಬರೆದಿದ್ದಾರಾ? ಪರೀಕ್ಷೆ ಮುಗಿದ ಮೇಲೆ ಅಪ್ಪನ ಹೋಟೆಲು ಕೆಲಸಕ್ಕೆ ಇವನೂ ಹೋಗುವುದು ಎಂದು ಮೊದಲೇ ತೀರ್ಮಾನವಾದ ಮಾತು. ಈಗಲೇ ಕಾಲೇಜು ಬಿಟ್ಟು ಹೋಗುವ ಅಂದಾಜು ಇದ್ದರೆ, ಅದನ್ನು ಹತ್ತು ಜನರ ಎದುರು ಹೇಳಿದರೆ ಮಾವ ಬೈಯುವುದಿಲ್ಲ ಎಂಬ ಲೆಕ್ಕ ಇರಬೇಕು.

ನನಗೆ ಮಂಡೆಬಿಸಿಯಾಗಿದೆ. ಉತ್ತರ ಬರೆ.

ಇಂತಿ
ರಮಾನಾಥ


ಮೂಡಬಿದ್ರೆ
28-7-1981

ಅಮ್ಮನಿಗೆ ನಿತ್ಯಾನಂದನ ನಮಸ್ಕಾರ.

ಮಾವ ಕೇಳಿದ್ದನ್ನೆಲ್ಲ ನೀನು ಬರೆದಿದ್ದಿ. ಹುಡುಗಿಯೂ ಇಲ್ಲ, ಬೊಂಬಾಯಿಯೂ ಅಲ್ಲ. ನಿನಗೆ ನಿಜ ಹೇಳುತ್ತೇನೆ.

ನಾನು ಟೀಮಿನಲ್ಲಿ ಇದ್ದೇನೆ ಎಂದದ್ದು ಸುಳ್ಳಲ್ಲ. ಆದರೆ ಟೀಮಿನಲ್ಲಿ ಇರುವವರೆಲ್ಲ ಆಡುವುದಿಲ್ಲ ಅಮ್ಮ. ಹನ್ನೊಂದು ಜನ ಒಳಗೆ ಇಳಿಯುತ್ತಾರೆ, ಉಳಿದವರು ಬೆಂಚಿನಲ್ಲಿ ಕೂರುತ್ತೇವೆ. ಇಷ್ಟರವರೆಗೆ ಒಂದು ಪಂದ್ಯದಲ್ಲಿಯೂ ನನ್ನನ್ನು ಒಳಗೆ ಕಳಿಸಿಲ್ಲ. ನಾನು ಅರ್ಧ ಆಟ ಮುಗಿದಾಗ ಲಿಂಬೆಹಣ್ಣು ಕೊಯ್ದು ಕೊಡುತ್ತೇನೆ, ಅವರ ಅಂಗಿಗಳನ್ನು ಮಡಚಿ ಇಡುತ್ತೇನೆ. ಈ ವರ್ಷವೂ ಹಾಗೆಯೇ ಎಂದು ಮಾಸ್ಟ್ರು ಹೇಳಿಬಿಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ನನಗಿಂತ ಚೆನ್ನಾಗಿ ಆಡುವವರು ಇದ್ದಾರೆ.

ಟ್ರಯಲ್ ಮ್ಯಾಚಿನ ದಿನ ಮಾತ್ರ ನಾವೂ ಆಡುತ್ತೇವೆ. ಬೆಂಚಿನವರು, ಹೊಸಬರು ಸೇರಿ ಒಂದು ಕಡೆ, ಫಸ್ಟ್ ಟೀಮಿನವರು ಇನ್ನೊಂದು ಕಡೆ. ಇನ್ನೊಂದು ಕ್ರಮ ಉಂಟು. ಆ ವರ್ಷದ ಹೊಸ ಅಂಗಿಯನ್ನು ಅವತ್ತು ಮಾಸ್ಟ್ರು ನಮಗೇ ಹಾಕಲಿಕ್ಕೆ ಕೊಡುತ್ತಾರೆ. ಫಸ್ಟ್ ಟೀಮಿನವರು ಬರೇ ಬನಿಯನಿನಲ್ಲಿ ಆಡಬೇಕು. "ವರ್ಷವಿಡೀ ಮಡಚಿ ಇಡುವವರು ನೀವು, ಒಂದು ದಿನ ಹಾಕಿ" ಎನ್ನುತ್ತಾರೆ. ಹೋದ ವರ್ಷ ನನಗೆ ಟೈಫಾಯ್ಡು ಬಂದು ಅದೂ ತಪ್ಪಿತು. ಬರುವ ವರ್ಷ ನಾನು ಇಲ್ಲಿ ಇರುವುದಿಲ್ಲ. ಇದೊಂದೇ ನನಗೆ ಇರುವುದು.

ನನಗೆ ಬೂಟು ತೆಗೆದುಕೊಟ್ಟವರು ಮಾವ. ಅವರು ಒಮ್ಮೆ ನಾನು ಆಡುವುದನ್ನು ನೋಡಬೇಕು. ಹೋದ ದೀಪಾವಳಿಗೆ ಗಲ್ಲಾಪೆಟ್ಟಿಗೆಯ ಪಕ್ಕ ನನ್ನನ್ನು ನಿಲ್ಲಿಸಿ ಚಾ ಕುಡಿಯಲು ಬಂದವರಿಗೆಲ್ಲ "ಇವನೇ" ಎಂದು ತೋರಿಸಿದಾಗ ನಾನು ಬಾಯಿ ಬಿಡಲಿಲ್ಲ. ಈಗ ಕಾಗದದಲ್ಲಿ ಬರೆಯಲಿಕ್ಕೆ ಧೈರ್ಯ ಬರುವುದಿಲ್ಲ. ಅವರು ಬಂದು ಆಟ ನೋಡಲಿ, ಮುಗಿದ ಮೇಲೆ ಅಲ್ಲಿಯೇ ಎಲ್ಲ ಹೇಳಿಬಿಡುತ್ತೇನೆ. ನೀನು ಹೇಳಬೇಡ, ನನ್ನ ಆಣೆ ಉಂಟು.

ಇಂತಿ ನಿನ್ನ ಮಗ
ನಿತ್ಯಾನಂದ


ಅಳದಂಗಡಿ
2-8-1981

ಅಣ್ಣನಿಗೆ ಸರಸಳ ನಮಸ್ಕಾರಗಳು.

ಹುಡುಗಿ ಇಲ್ಲ. ಇವರು ಬೊಂಬಾಯಿಯಿಂದ ಏನೂ ಬರೆದಿಲ್ಲ. ಮಾಸ್ಟ್ರಿಗೆ ನಿನ್ನ ಗೋಳಿಬಜೆ ಬೇಡ. ಸಣ್ಣಂದಿನಿಂದಲೂ ನಿನ್ನ ಬುದ್ಧಿ ಇದೇ, ಅಮ್ಮ ಎರಡು ತುಂಡು ಮೀನು ಹೆಚ್ಚು ಬಡಿಸಿದರೆ ಯಾಕೆ ಎಂದು ಕೇಳುತ್ತಿದ್ದವನು ನೀನು.

ಆಟಿಯ ಮಳೆಯಲ್ಲಿ ನಿನ್ನ ಹೋಟೆಲಿಗೆ ನೊಣ ಕೂಡ ಬರುವುದಿಲ್ಲ. ಒಂದು ದಿನ ಅವನು ಕರೆದಲ್ಲಿಗೆ ಹೋಗಿ ಕೂತುಕೊಂಡು ಬಾ. ಯಾಕೆ ಎಂದು ನನ್ನಲ್ಲಿ ಕೇಳಬೇಡ.

ಇಂತಿ
ಸರಸ


ಮೂಡಬಿದ್ರೆ
10-8-1981

ಅಮ್ಮನಿಗೆ ನಿತ್ಯಾನಂದನ ನಮಸ್ಕಾರ.

ಮಾವ ಬರಲಿಲ್ಲ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ಮರದ ಅಡಿಯಲ್ಲಿ, ನನ್ನ ಕೆಂಪು ಗೆರೆಯ ಟವಲು ಹಾಕಿ ಅವರಿಗೆ ಜಾಗ ಇಟ್ಟಿದ್ದೆ. ಯಾರಾದರೂ ಕೂರಲಿಕ್ಕೆ ಬಂದರೆ ಜನ ಉಂಟು ಎಂದು ಹೇಳುವಂತೆ ರೂಮಿನವನಿಗೆ ಹೇಳಿದ್ದೆ. ಆಟ ಮುಗಿಯುವವರೆಗೂ ಟವಲು ಮಳೆಗೆ ನೆನೆಯುತ್ತಾ ಅಲ್ಲಿಯೇ ಇತ್ತು.

ನಾಲ್ಕು ಒಂದರಲ್ಲಿ ಸೋತೆವು. ಅಮ್ಮ, ಆ ಒಂದು ನನ್ನದು. ಎಡಗಾಲಿನಲ್ಲಿ ಹೊಡೆದದ್ದು, ಹೇಗೆ ಹೋಯಿತೆಂದು ನನಗೇ ಗೊತ್ತಿಲ್ಲ. ಮೆಟ್ಟಿಲಿನವರೆಲ್ಲ ಫಸ್ಟ್ ಟೀಮಿನ ಕಡೆ, ಆದ್ದರಿಂದ ಯಾರೂ ಚಪ್ಪಾಳೆ ತಟ್ಟಲಿಲ್ಲ. ರಸ್ತೆಯ ಆಚೆ ಬದಿ ಕ್ಷೌರದ ಅಂಗಡಿಯಿಂದ ಯಾರೋ ಒಬ್ಬರು ಮಾತ್ರ ಮುಖಕ್ಕೆಲ್ಲ ಸಾಬೂನು ಮೆತ್ತಿಕೊಂಡು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮಳೆಗೆ ಹೊರಗೆ ಓಡಿ ಬಂದರು. ಎರಡೂ ಕೈ ಎತ್ತಿ ಬೊಬ್ಬೆ ಹೊಡೆದರು. ಹುಡುಗರಿಗೆಲ್ಲ ಭಾರೀ ಗಮ್ಮತ್ತಾಯಿತು. ನನಗೂ ನಗು ಬಂತು. ಆಮೇಲೆ ಸ್ನಾನದ ಕೋಣೆಗೆ ಹೋಗಿ ಅತ್ತೆ.

ಅಂಗಿಯನ್ನು ಒಗೆದು ಮಾಸ್ಟ್ರಿಗೆ ವಾಪಸು ಕೊಟ್ಟೆ.

ಇಂತಿ
ನಿತ್ಯಾನಂದ


ಕಲ್ಲಡ್ಕ
13-8-1981

ಚಿ| ನಿತ್ಯಾನಂದನಿಗೆ ಮಾವನ ಆಶೀರ್ವಾದ.

ಆದಿತ್ಯವಾರ ಬರಲಾಗಲಿಲ್ಲ. ಹೋಟೆಲಿನಲ್ಲಿ ಜನ. ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ಬಸ್ಸಿನ ಕಂಡಕ್ಟರು ಹನೀಫಾ ಸಿಕ್ಕಿದ್ದ. ಅವನು ಹೇಳಿದ್ದರಿಂದ ವಿಷಯ ಗೊತ್ತಾಯಿತು.

ಇದೆಂಥ ಅವಸ್ಥೆ ಮಾರಾಯ? ಹೊಸ ಹಸಿರು ಅಂಗಿ ಹಾಕಿ ಮೆರೆದ ನಿಮ್ಮ ಫಸ್ಟ್ ಟೀಮು ಬನಿಯನಿನವರ ಕೈಯಲ್ಲಿ ನಾಲ್ಕು ಗೋಲು ತಿಂದಿತಂತೆ! ನಿನ್ನ ತಪ್ಪಿಲ್ಲ ಬಿಡು, ನೀನು ಒಂದು ಹೊಡೆದೆಯಂತೆ. ಉಳಿದ ಹತ್ತು ಮಂದಿಯ ಮೇಲೆ ನನಗೆ ಸಂಶಯ. ಮೊದಲೇ ಮಾತಾಡಿಕೊಂಡು ಸೋತದ್ದಾ? ಬೇರೆ ಕಾಲೇಜಿನ ಪತ್ತೇದಾರರು ನೋಡಿ ಇವರು ಏನಕ್ಕೂ ಆಗದವರು ಎಂದು ತಿಳಿಯಲಿ ಎಂದು ಮಾಸ್ಟ್ರೇ ಹೇಳಿ ಸೋಲಿಸಿರಲಿಕ್ಕೂ ಸಾಕು. ಹಾಗಿದ್ದರೆ ಆಸಾಮಿ ಬುದ್ಧಿವಂತ.

ಸೆಪ್ಟೆಂಬರ್ ಹನ್ನೆರಡಕ್ಕೆ ಮಂಗಳೂರಿನಲ್ಲಿ ನಿಮ್ಮ ಮೊದಲ ಪಂದ್ಯ ಎಂದು ಪೇಪರಿನಲ್ಲಿ ಬಂದಿದೆ. ಜೀಪು ಗೊತ್ತು ಮಾಡಿದ್ದೇನೆ. ದಿನಾ ಚಾಕ್ಕೆ ಬರುವ ಲೋಕಯ್ಯ, ರುಕ್ಮಯ್ಯ, ನಮ್ಮ ಅಡಿಗೆಯವರು ಎಲ್ಲರೂ ಬರುತ್ತಾರೆ. ಬೊಬ್ಬೆ ಹೊಡೆಯಲಿಕ್ಕೆ ಜನ ಕಡಿಮೆಯಾಗದ ಹಾಗೆ ನೋಡಿಕೊಳ್ಳುತ್ತೇನೆ.

ಇಂತಿ
ನಿನ್ನ ಮಾವ ರಮಾನಾಥ


ಮೂಡಬಿದ್ರೆ
20-8-1981

ತೀರ್ಥರೂಪ ಸಮಾನರಾದ ಮಾವನವರಿಗೆ ನಿತ್ಯಾನಂದನ ನಮಸ್ಕಾರಗಳು.

ದಯವಿಟ್ಟು ಮಂಗಳೂರಿಗೆ ಬರಬೇಡಿ. ಬನಿಯನಿನವರ ವಿಷಯ ನೀವು ತಿಳಿದ ಹಾಗೆ ಅಲ್ಲ. ಎದುರೆದುರು ಕೂತು ಹೇಳಬೇಕಾದ ಮಾತು. ರಜೆ ಸಿಕ್ಕಿದ ಕೂಡಲೇ ಕಲ್ಲಡ್ಕಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಜೀಪು ಬೇಡ, ಯಾರನ್ನೂ ಕರೆಯಬೇಡಿ.

ಕಂಡಕ್ಟರು ಹನೀಫಾ ಕಾಕನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು, ಮಾವನಿಗೆ ಮ್ಯಾಚಿನ ವಿಷಯ ಹೇಳಿದ್ದು ನೀವಾ ಎಂದು ಕೇಳಿದೆ. "ನಾನೆಂಥ ಮ್ಯಾಚು ನೋಡುವುದು, ನನಗೆ ಬಸ್ಸು ಬಿಟ್ಟು ಇಳಿಯಲಿಕ್ಕೆ ಉಂಟಾ?" ಎಂದು ನಕ್ಕರು. ಮತ್ತೆ ಕೇಳುವಷ್ಟರಲ್ಲಿ ಸೀಟಿ ಊದಿ ಬಸ್ಸು ಬಿಟ್ಟರು. ನಿಮಗೆ ಯಾರು ಹೇಳಿದ್ದು ಎಂದು ನನಗೆ ಅರ್ಥವಾಗುವುದಿಲ್ಲ.

ಇಂತಿ ನಿಮ್ಮ ಅಳಿಯ
ನಿತ್ಯಾನಂದ


ಕಲ್ಲಡ್ಕ
14-9-1981

ನಿತ್ಯಾನಂದನಿಗೆ.

ಬರಬೇಡಿ ಎಂದು ನೀನು ಬರೆದ ಮೇಲೆ ಬಾರದೆ ಇರುತ್ತೇನಾ? ಶನಿವಾರ ಜೀಪು ತುಂಬ ಬಂದಿದ್ದೆವು. ಆಟ ಮುಗಿಯುವವರೆಗೆ ನೀನು ಬೆಂಚಿನಿಂದ ಏಳಲಿಲ್ಲ. ಎದ್ದದ್ದು ಲಿಂಬೆಹಣ್ಣು ಹಂಚಲಿಕ್ಕೆ. ಮೈದಾನ ಪೂರ್ತಿ ಕೆಸರು, ನಿನ್ನ ಬೂಟು ಮಾತ್ರ ನಾನು ಅಂಗಡಿಯಿಂದ ತಂದ ದಿನದ ಹಾಗೆ ಇತ್ತು. ಬನಿಯನಿನಲ್ಲಿ ಆಡಿದವರೆಂದು ಹನೀಫಾ ಹೇಳಿದ ಹುಡುಗರು ಹಸಿರು ಅಂಗಿ ಹಾಕಿ ಆಡುತ್ತಿದ್ದರು.

ವಾಪಸು ಬರುವಾಗ ಜೀಪಿನಲ್ಲಿ, "ಅವನಿಗೆ ಇವತ್ತು ಸೌಖ್ಯ ಇಲ್ಲವೋ ಏನೋ" ಎಂದು ಲೋಕಯ್ಯ ಒಬ್ಬ ಹೇಳಿದ. ನನ್ನ ಮಾನ ಉಳಿಸಲಿಕ್ಕೆ ಹೇಳಿದ್ದು.

ಎಷ್ಟು ಸಮಯದಿಂದ ನಡೆದಿದೆ ಈ ನಾಟಕ?

ರಮಾನಾಥ ಶೆಟ್ಟಿ


ಅಳದಂಗಡಿ
22-9-1981

ಅಣ್ಣನಿಗೆ ಸರಸಳ ನಮಸ್ಕಾರಗಳು.

ನೀನು ಬರೆದ ಕಾರ್ಡನ್ನು ಮಗ ನನಗೆ ಕಳಿಸಿದ್ದಾನೆ. ಕಾರ್ಡಿನಲ್ಲಿ ಬರೆದೆಯಲ್ಲ ಅಣ್ಣ, ಹಾಸ್ಟೆಲಿನಲ್ಲಿ ಹತ್ತು ಕೈ ದಾಟಿ ಅವನಿಗೆ ಸಿಕ್ಕಿದ್ದಂತೆ. ಇನ್ನು ಕಲ್ಲಡ್ಕಕ್ಕೆ ಬರುವುದಿಲ್ಲ, ಪರೀಕ್ಷೆ ಬರೆದು ನೇರ ಬೊಂಬಾಯಿಗೆ ಹೋಗುತ್ತೇನೆ ಎಂದು ಬರೆದಿದ್ದಾನೆ. ನಿನ್ನ ಮನೆಯಲ್ಲಿ ಬೆಳೆದವನು ನಿನಗೆ ಮುಖ ತೋರಿಸದೆ ಹೋದರೆ ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಅದಕ್ಕೆ ಆಣೆ ಮುರಿದು ಬರೆಯುತ್ತಿದ್ದೇನೆ.

ಅವನು ಯಾವತ್ತೂ ಬೆಂಚಿನವನೇ. ಮುಂದಿನ ಸಾಲಿನವನು ಎಂದು ಊರೆಲ್ಲ ಡಂಗುರ ಹೊಡೆದದ್ದು ನೀನು, ಅವನಲ್ಲ. ನೀನು ಹೇಳುವಾಗ ಅವನು ತಡೆಯಲಿಲ್ಲ, ಅವನ ತಪ್ಪು ಅಷ್ಟೇ. ವರ್ಷಕ್ಕೆ ಒಂದೇ ದಿನ ಬೆಂಚಿನ ಮಕ್ಕಳಿಗೆ ಹೊಸ ಅಂಗಿ ಹಾಕಿ ಆಡಿಸುವ ಕ್ರಮವಂತೆ, ದೊಡ್ಡವರು ಬನಿಯನಿನಲ್ಲಿ ಆಡುವುದಂತೆ. ಆ ದಿನ ನೀನು ನೋಡಬೇಕು, ನೋಡಿದ ಮೇಲೆ ನಿಜ ಹೇಳಬೇಕು ಎಂದು ಕರೆದದ್ದು. ನೀನು ಅದರಲ್ಲಿ ಹುಡುಗಿಯನ್ನು ಹುಡುಕಿದೆ.

ಮೇಲಿನ ಮೆಟ್ಟಿಲಿನಲ್ಲಿ ಕೆಂಪು ಗೆರೆಯ ಟವಲು ಹಾಕಿ ನಿನಗೆ ಜಾಗ ಹಿಡಿದಿದ್ದನಂತೆ. ಅವನು ಗೋಲು ಹೊಡೆದಾಗ ಕ್ಷೌರದ ಅಂಗಡಿಯಲ್ಲಿದ್ದ ಯಾರೋ ಗುರುತಿಲ್ಲದವರು ಸಾಬೂನಿನ ಮುಖದಲ್ಲಿ ಓಡಿ ಬಂದು ಬೊಬ್ಬೆ ಹೊಡೆದರಂತೆ. ಅವರಿಗೆ ಇದ್ದ ಪ್ರೀತಿ ಸ್ವಂತ ಮಾವನಿಗೆ ಇರಲಿಲ್ಲ.

ಇಂತಿ
ಸರಸ


ಕಲ್ಲಡ್ಕ
28-9-1981

ಚಿ| ನಿತ್ಯಾನಂದನಿಗೆ ಮಾವನ ಆಶೀರ್ವಾದ.

ಈ ಸಲ ಕಾರ್ಡಿನಲ್ಲಿ ಬರೆಯದೆ ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಪೂರ್ತಿ ಓದು.

ನಿನ್ನ ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡ. ಅವಳಿಗೆ ಗೊತ್ತಿಲ್ಲದ್ದು ಒಂದು ಉಂಟು, ಅದನ್ನು ನಾನು ಬರೆಯಬೇಕು.

ಆಗಸ್ಟ್ ಒಂಬತ್ತರಂದು ಹೋಟೆಲಿನಲ್ಲಿ ಜನ ಇರಲಿಲ್ಲ. ಹನೀಫಾನ ಬಸ್ಸಿನಲ್ಲಿ ಮೂಡಬಿದ್ರೆಗೆ ಬಂದೆ, ಯಾರಿಗೂ ಹೇಳಬಾರದೆಂದು ಅವನಲ್ಲಿ ಮಾತು ತೆಗೆದುಕೊಂಡೆ. ನೀನು ಯಾಕೆ ಕರೆಸುತ್ತಿದ್ದಿ ಎಂದು ಮೊದಲು ಮರೆಯಲ್ಲಿ ನಿಂತು ನೋಡುವ, ಆಮೇಲೆ ಎದುರು ಬರುವ ಎಂದು ಅಂದಾಜು. ರಸ್ತೆಯಲ್ಲಿ ಸುಮ್ಮನೆ ಪೊಕ್ಕಡೆ ನಿಂತರೆ ನಿನ್ನ ಕಣ್ಣಿಗೆ ಬೀಳುತ್ತೇನಲ್ಲ, ಅದಕ್ಕೆ ಕ್ಷೌರದ ಅಂಗಡಿಗೆ ನುಗ್ಗಿದೆ. ಬೆಳಿಗ್ಗೆಯೇ ಗಡ್ಡ ತೆಗೆದಾಗಿತ್ತು. "ಏನೂ ಇಲ್ಲವಲ್ಲ ತೆಗೆಯಲಿಕ್ಕೆ" ಎಂದು ಅಂಗಡಿಯವನು ಹೇಳಿದರೂ, ಇನ್ನೊಮ್ಮೆ ತೆಗೆ ಎಂದು ಕೂತೆ. ಅವನ ಕನ್ನಡಿಯಲ್ಲಿ ನಿಮ್ಮ ಮೈದಾನ ಪೂರ್ತಿ ಕಾಣುತ್ತದೆ.

ಹಾಗೆ ಕನ್ನಡಿಯಲ್ಲಿಯೇ ನಾನು ನಿನ್ನ ಮ್ಯಾಚು ನೋಡಿದ್ದು. ಹೊಸ ಅಂಗಿಯವರು ಫಸ್ಟ್ ಟೀಮು, ಬನಿಯನಿನವರು ಪಾಪದವರು ಎಂದು ತಿಳಿದೆ. ಮೆಟ್ಟಿಲಿಗೆ ಬಂದು ಪಕ್ಕದವನಲ್ಲಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಅಡಗಿ ಕೂತವನಿಗೆ ಯಾರು ಹೇಳುತ್ತಾರೆ? ಮಂಗಳೂರಿಗೆ ಜೀಪು ತುಂಬಿಸಿ ತಂದು ನಿನ್ನ ಮುಖ ಕೆಳಗೆ ಮಾಡಿಸಿದ್ದು ನನ್ನ ಈ ಬುದ್ಧಿಯೇ.

ಮೇಲಿನ ಮೆಟ್ಟಿಲಿನಲ್ಲಿ ಟವಲು ಹಾಕಿ ಇಟ್ಟದ್ದನ್ನೂ ನೋಡಿದೆ. ಆಟಕ್ಕಿಂತ ಹೆಚ್ಚು ಅದನ್ನೇ ನೋಡಿದೆ ಎಂದರೂ ತಪ್ಪಿಲ್ಲ. ಹುಡುಗಿ ಬಂದು ಕೂರುವ ಜಾಗ ಅದು, ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಾದೆ. ಯಾರೂ ಬರಲಿಲ್ಲ. ಬರಬೇಕಾದವನು ನಾನು ಎಂದು ಸರಸ ಬರೆದ ಮೇಲೆ ಗೊತ್ತಾಯಿತು.

ಇನ್ನು ಗೋಲಿನ ವಿಷಯ. ಬಲಬದಿಯಿಂದ ಬಂದ ಬಾಲು ಕೆಸರಿನಲ್ಲಿ ನಿಂತುಬಿಟ್ಟಿತು. ಬನಿಯನಿನ ಉದ್ದದ ಹುಡುಗ ಜಾರಿ ಬಿದ್ದ, ನೀನು ಬೀಳಲಿಲ್ಲ. ಎಡಗಾಲಿನಲ್ಲಿ ಎತ್ತಿ ಹೊಡೆದಿ. ಗೋಲ್‌ಕೀಪರನ ಕೈಗೆ ತಾಗಿಯೇ ಒಳಗೆ ಹೋಯಿತು. ಹೋದ ಕೂಡಲೇ ನೀನು ಮೆಟ್ಟಿಲಿನ ಕಡೆ ನೋಡಿದಿ. ನಾನು ಅಲ್ಲಿ ಇರಲಿಲ್ಲ ಮಗಾ, ನಿನ್ನ ಬೆನ್ನ ಹಿಂದೆ ರಸ್ತೆಯಲ್ಲಿ ಇದ್ದೆ. ಸಾಬೂನಿನ ಮುಖದಲ್ಲಿ ಓಡಿ ಬಂದದ್ದು ನಾನು. ನಿನ್ನ ಹೆಸರು ಹಿಡಿದು ಕರೆಯಲಿಕ್ಕೆ ಬಾಯಿ ತೆರೆದಾಗ ಮಳೆಗೆ ಸಾಬೂನೆಲ್ಲ ಬಾಯಿಯ ಒಳಗೆ ಹೋಯಿತು, ಬರೇ ಬೊಬ್ಬೆ ಮಾತ್ರ ಹೊರಗೆ ಬಂತು. ಹುಡುಗರೆಲ್ಲ ನಗುವಾಗ ನೀನೂ ನಕ್ಕದ್ದನ್ನು ನೋಡಿದೆ. ಗುರುತು ಸಿಕ್ಕಿತೋ ಎಂದು ಹೆದರಿ ಒಳಗೆ ಓಡಿದೆ.

ಲೋಕಯ್ಯನಿಗೂ ರುಕ್ಮಯ್ಯನಿಗೂ ನಿನ್ನೆ ಗಲ್ಲಾದ ಎದುರು ನಿಂತು ಎಲ್ಲ ಹೇಳಿದೆ. ನನ್ನ ಅಳಿಯ ಬೆಂಚಿನವನು, ಆದರೆ ಅವನು ಹೊಡೆದ ಗೋಲನ್ನು ನಾನು ನೋಡಿದ್ದೇನೆ, ನಿಮಗೆ ಯಾರಿಗೂ ಆ ಯೋಗ ಇಲ್ಲ ಎಂದೆ. ಅಂಥ ಮ್ಯಾಚಿಗೆ ಹೋಗಿ ಲಾಭ ಉಂಟಾ ಎಂದು ಲೋಕಯ್ಯ ಕೇಳಿದ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ, ಬೆಂಚಿನ ಹುಡುಗನ ಮನೆಯವರು ಹೋಗಬೇಕಾದ ಮ್ಯಾಚು ಅದೊಂದೇ ಎಂದೆ. ಕಾವಲಿಯ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವುದಿಲ್ಲ ಎಂದು ನಿನಗೆ ಬರೆದಿದ್ದೆ. ಅದನ್ನು ಯಾರು ತಿನ್ನುವುದು ಎಂದು ಬರೆದಿರಲಿಲ್ಲ. ದಿನಾ ಬೆಳಿಗ್ಗೆ ನಾನೇ ತಿನ್ನುವುದು.

ಬನಿಯನಿನವರ ನಾಲ್ಕನೇ ಗೋಲು ಮಾತ್ರ ಆಫ್‌ಸೈಡು. ಆ ರೆಫ್ರಿಯ ಮೇಲೆ ನನಗೆ ಈಗಲೂ ಸಂಶಯ ಉಂಟು.

ದೀಪಾವಳಿಗೆ ಬಾ. ಬರುವುದಿಲ್ಲವಾದರೆ ನಾನೇ ಬರುತ್ತೇನೆ, ಈ ಸಲ ನೇರ ಹಾಸ್ಟೆಲಿನ ಬಾಗಿಲಿಗೆ. ಆ ಟವಲನ್ನು ಒಗೆದು ಇಟ್ಟಿರು. ಮೇಲಿನ ಮೆಟ್ಟಿಲಿನಲ್ಲಿ ಅದನ್ನು ಹಾಸಿ ಸ್ವಲ್ಪ ಹೊತ್ತು ಕೂತುಕೊಳ್ಳುವ.

ಇಂತಿ
ನಿನ್ನ ಮಾವ ರಮಾನಾಥ